ಚಹಾ ಪೆಟ್ಟಿಗೆಯ ಮೇಲೆ ಹುಟ್ಟಿದ ದೂರದರ್ಶನ

ದೂರದರ್ಶನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ದೊಡ್ಡ ಗೋಪುರ, ದೊಡ್ಡ ಕಾರ್ಖಾನೆ, ಸರಕಾರದ ಹಣ. ಅದರ ಮೊದಮೊದಲ ಪ್ರೇಷಕ ಯಂತ್ರಗಳಲ್ಲೊಂದು ಮಾತ್ರ ಒಬ್ಬ ರೋಗಿಷ್ಠನ ಬಾಡಿಗೆಯ ಕೋಣೆಯಲ್ಲಿ, ಗುಜರಿ ಸಾಮಾನಿನಿಂದ ಆದುದು.

ಜಾನ್ ಲೋಗೀ ಬೇರ್ಡ್ 1888ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವನು. ಕಾಲುಚೀಲ, ಜಾಮು, ಸಾಬೂನು ಎಂದು ನಾನಾ ವ್ಯಾಪಾರಗಳಿಗೆ ಕೈಹಾಕಿ, ಯಾವುದರಲ್ಲಿಯೂ ನೆಲೆ ನಿಲ್ಲದೆ, ಆರೋಗ್ಯವೂ ಕೆಟ್ಟು, 1923ರಲ್ಲಿ ಇಂಗ್ಲೆಂಡಿನ ಕಡಲತಡಿಯ ಹೇಸ್ಟಿಂಗ್ಸಿಗೆ ಬಂದನು. ಅಲ್ಲಿ ಆತನು ಕೂಡಿಹಾಕಿದ ಸಾಮಗ್ರಿಯನ್ನು ನೋಡಿರಿ: ಮೋಟಾರು ಕೂರಿಸಲು ಚಹಾ ಪೆಟ್ಟಿಗೆ, ಟೋಪಿಯ ಡಬ್ಬಿಯಿಂದ ಕತ್ತರಿಸಿದ ರಟ್ಟಿನ ಚಕ್ರ, ಅಚ್ಚಿಗೆ ದಪ್ಪ ಹೊಲಿಗೆಸೂಜಿ, ದೀಪವಿಡಲು ಬಿಸ್ಕತ್ತಿನ ಡಬ್ಬಿ, ಸೈಕಲ್ ದೀಪದ ಗಾಜುಗಳು. ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಅರಗು ಮತ್ತು ಅಂಟು!

ಯಂತ್ರದ ಮರ್ಮ ಚಕ್ರದಲ್ಲಿತ್ತು. ಅದನ್ನು ಜರ್ಮನಿಯ ನಿಪ್ಕೋ 1884ರಲ್ಲಿಯೇ ಯೋಚಿಸಿದ್ದನು. ಸುರುಳಿಯಾಗಿ ತೂತು ಕೊರೆದ ಚಕ್ರ ತಿರುಗಿದಂತೆ ಒಂದೊಂದು ತೂತು ಚಿತ್ರದ ಒಂದೊಂದು ಗೆರೆಯನ್ನು ಸವರಿಕೊಂಡು ಹೋಗುವುದು. ಆ ಬೆಳಕು ಸೆಲೆನಿಯಂ ಕೋಶದ ಮೇಲೆ ಬಿದ್ದು, ಅದರ ಹೆಚ್ಚು ಕಡಮೆಗೆ ತಕ್ಕಂತೆ ವಿದ್ಯುತ್ತು ಏರಿಳಿಯುವುದು. ಇನ್ನೊಂದು ಕಡೆ ಅದೇ ವೇಗದ ಚಕ್ರ, ಅದೇ ತಾಳದಲ್ಲಿ ಮಿನುಗುವ ದೀಪ. ಗೆರೆಗಳು ಕೂಡಿ ಚಿತ್ರವಾಗುವುವು. 1924ರ ಆರಂಭದಲ್ಲಿ ಹೀಗೆ ಒಂದು ಶಿಲುಬೆಯ ನೆರಳು ಕೋಣೆಯ ಒಂದು ಬದಿಯಿಂದ ಕೆಲವೇ ಅಡಿಗಳಾಚೆಗೆ ಹೋಯಿತು.

ಜುಲೈಯಲ್ಲಿ ವಿದ್ಯುತ್ತಿನ ಭಾರೀ ಆಘಾತ ತಗಲಿತು. ಜೀವ ಉಳಿಯಿತು, ಕೈ ಸುಟ್ಟಿತು. ಮನೆಯ ಯಜಮಾನನು ಜಾಗ ಖಾಲಿ ಮಾಡೆಂದನು. ಪರಸ್ಥಳದಲ್ಲಿ ಬಾಡಿಗೆಗಿದ್ದ ನಮಗೆ ಈ ಮಾತು ಹೊಸದೇನೂ ಅಲ್ಲ.

ಬೇರ್ಡ್ ಲಂಡನ್ನಿನ ಸೋಹೋ ಬಡಾವಣೆಯ ಅಟ್ಟವೊಂದನ್ನು ಸೇರಿದನು. 1925ರ ಅಕ್ಟೋಬರ್ 2ರಂದು ಗೊಂಬೆಯೊಂದರ ತಲೆ, ಬರಿಯ ನೆರಳಾಗಿ ಅಲ್ಲದೆ ಬೆಳಕು-ನೆರಳುಗಳ ಛಾಯೆಗಳೊಡನೆ, 30 ಗೆರೆಗಳಲ್ಲಿ ಮೂಡಿತು. ಆತನು ಕೆಳಗೋಡಿ ಕಛೇರಿಯ ಹುಡುಗ ವಿಲಿಯಂ ಟೇಂಟನ್‌ನನ್ನು ಎಳೆತಂದು ಯಂತ್ರದ ಮುಂದೆ ಕೂರಿಸಿದನು. ಪರದೆ ಬರಿದು! ದೀಪದ ಝಳಕ್ಕೆ ಹೆದರಿ ಹುಡುಗ ಹಿಂದೆ ಸರಿದಿದ್ದನು. ಎರಡೂವರೆ ಷಿಲಿಂಗು ಕೈಗಿಟ್ಟ ಮೇಲೆ ಮುಖ ಮೂಡಿತು. 1926ರ ಜನವರಿ 26ರಂದು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರೂ ಇದನ್ನು ಕಂಡರು.

ಮುಂದೆ ಚಕ್ರ ಸೋತಿತು. ಬಿ.ಬಿ.ಸಿ. 1936ರ ನವೆಂಬರಿನಿಂದ ಬೇರ್ಡನ 240 ಗೆರೆಗಳ ಪದ್ಧತಿಯನ್ನೂ ಮಾರ್ಕೋನಿ-ಇ.ಎಂ.ಐ.ಯವರ 405 ಗೆರೆಗಳ ಎಲೆಕ್ಟ್ರಾನ್ ಪದ್ಧತಿಯನ್ನೂ ಸರದಿಯಲ್ಲಿ ಪರೀಕ್ಷಿಸಿ, 1937ರ ಫೆಬ್ರುವರಿಯಲ್ಲಿ ಮೊದಲನೆಯದನ್ನು ಕೈಬಿಟ್ಟಿತು. ನಿರ್ಣಯ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಬೇರ್ಡ್ ಮಾತ್ರ ಕೈಕಟ್ಟಿ ಕೂಡದೆ ಎಲೆಕ್ಟ್ರಾನಿನತ್ತಲೇ ಹೊರಳಿದನು; ಬಣ್ಣದ ಚಿತ್ರದ ನಳಿಗೆಯೊಂದನ್ನು 1944ರಲ್ಲಿ ಮಾಡಿ ತೋರಿಸಿ, 1946ರಲ್ಲಿ ತೀರಿಕೊಂಡನು.