ಕಿಲ್ಲಾರಿಯಿಂದ ಮಾಂಡಲೆವರೆಗೆ: ಭೂಕಂಪದಲ್ಲಿ ಮುರಿದ ಮೂಳೆಗಳ ಚಿಕಿತ್ಸೆ

1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ನಾಲ್ಕು ಗಂಟೆಗೆ ಇನ್ನೇನು ಕೆಲವೇ ನಿಮಿಷ ಇರುವಾಗ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಲ ಹಳ್ಳಿಗಳು ನೆಲಕಚ್ಚಿದವು. ಬೀದರ್, ಕಲಬುರಗಿಯಲ್ಲೂ ನೆಲ ನಡುಗಿತು. ಸತ್ತವರು ಹತ್ತಿರ ಹತ್ತಿರ 10,000 ಮಂದಿ. ಅವರ ಮೇಲೆ ಬಿದ್ದದ್ದು ಕಲ್ಲುಮಣ್ಣಿನ ದಪ್ಪ ಗೋಡೆ, ಮಣ್ಣು ಹೊದಿಸಿದ ಮಾಳಿಗೆ. ಚಿತ್ರದುರ್ಗ ಜಿಲ್ಲೆಯ ಹಿರೇಗುಂಟನೂರು, ಹಿರಿಯೂರು, ಹೊಸದುರ್ಗದ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಆ ಭಾರ ಎಷ್ಟೆಂದು ಹೇಳಬೇಕಿಲ್ಲ.

ಬದುಕಿ ಹೊರಬಂದವರಲ್ಲಿ ಕೈಕಾಲು, ಸೊಂಟ, ಬೆನ್ನುಮೂಳೆ ಮುರಿದವರೇ ಹೆಚ್ಚು. ಭೂಕಂಪ ಎಲ್ಲಿ ಆದರೂ ಇದೇ ಕಥೆ. ಆದರೆ ಅವರನ್ನು ಕೊಲ್ಲುವುದು ಎಷ್ಟೋ ಸಲ ಮುರಿದ ಮೂಳೆಯಲ್ಲ, ಜಜ್ಜಿದ ಮಾಂಸಖಂಡ. ತೊಲೆ ಎತ್ತಿ ಕಾಲು ಬಿಡಿಸಿದ ಕ್ಷಣದಲ್ಲೇ ಸ್ನಾಯುವಿನೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಉಳಿದರೂ ಕಿಡ್ನಿ ಕೈಕೊಡಬಹುದು. 1941ರಲ್ಲಿ, ಬಾಂಬ್ ದಾಳಿಗೆ ಸಿಕ್ಕ ಲಂಡನ್ನಿನಲ್ಲಿ, ವೈದ್ಯ ಬೈವಾಟರ್ಸ್ ಇದನ್ನು ವಿವರವಾಗಿ ದಾಖಲಿಸಿದರು. 1988ರ ಆರ್ಮೇನಿಯಾ ಭೂಕಂಪದಲ್ಲಿ ನೂರಾರು ಜನರಿಗೆ ಡಯಾಲಿಸಿಸ್ ಬೇಕಾದಾಗ ಜಗತ್ತು ತಯಾರಿರಲಿಲ್ಲ. ಆ ಪೆಟ್ಟಿನಿಂದಲೇ ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ತುರ್ತುಪಡೆ ಹುಟ್ಟಿತು. 1999ರಲ್ಲಿ ಟರ್ಕಿಯ ಮರ್ಮರಾ ಪ್ರದೇಶ ಕಂಪಿಸಿದಾಗ ಕಿಡ್ನಿ ಕೆಟ್ಟ 639 ಗಾಯಾಳುಗಳಲ್ಲಿ 477 ಮಂದಿಗೆ ಡಯಾಲಿಸಿಸ್ ಸಿಕ್ಕಿತು. ಅವಶೇಷದಡಿ ಇರುವಾಗಲೇ ಸಲೈನ್ ಹಾಕಿ, ಆಮೇಲೆ ಹೊರಗೆಳೆಯಬೇಕೆಂಬ ಪಾಠ ಇಂದು ಎಲ್ಲ ತಂಡಗಳಿಗೂ ಮೊದಲ ಪಾಠ.

2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತಿನ ಭುಜ್‌ನಲ್ಲಿ ಭೂಕಂಪಕ್ಕೆ ಜಿಲ್ಲಾಸ್ಪತ್ರೆಯೇ ಕುಸಿಯಿತು. ಆಪರೇಷನ್‌ಗಳು ಬಯಲಿಗೆ, ಡೇರೆಗೆ ಬಂದವು. ವಾಯುಪಡೆಯ ವಿಮಾನಗಳು ಗಾಯಾಳುಗಳನ್ನು ದೂರದ ಊರುಗಳಿಗೆ ಒಯ್ದವು.

ಡೇರೆಯಲ್ಲಿ ಮೂಳೆ ಕೂಡಿಸುವ ಕೆಲಸಕ್ಕೆ ಅದರದೇ ಶಿಸ್ತಿದೆ. ಮಣ್ಣು ಹೊಕ್ಕ ಗಾಯವನ್ನು ಅಂದೇ ಹೊಲಿದರೆ ಒಳಗೆ ಕೀವು ತುಂಬುತ್ತದೆ. ಹಾಗಾಗಿ ಧಾರಾಳ ನೀರಿನಲ್ಲಿ ತೊಳೆದು, ಸತ್ತ ಮಾಂಸ ಕತ್ತರಿಸಿ, ಗಾಯವನ್ನು ತೆರೆದಿಟ್ಟು, ಕೆಲವು ದಿನ ಕಳೆದು ಹೊಲಿಯುತ್ತಾರೆ. ಪ್ಲೇಟು, ಸ್ಕ್ರೂಗಳಿಗೆ ಅವಸರಿಸುವುದಿಲ್ಲ. ಮೂಳೆಗೆ ಸರಳು ತೂರಿಸಿ ಹೊರಗಿನ ಚೌಕಟ್ಟಿಗೆ ಬಿಗಿಯುವ ಎಕ್ಸ್‌ಟರ್ನಲ್ ಫಿಕ್ಸೇಟರ್ ಅಲ್ಲಿ ಎಲ್ಲಕ್ಕಿಂತ ಉಪಕಾರಿ: ಗಾಯ ಕಣ್ಣಿಗೆ ಕಾಣುತ್ತದೆ, ರೋಗಿಯನ್ನು ಸಾಗಿಸಬಹುದು.

ಈ ಶಿಸ್ತು ಗೊತ್ತಿದ್ದೂ 2010ರ ಭೂಕಂಪದ ಬಳಿಕ ಹೈಟಿಯಲ್ಲಿ ಅನಾಹುತವಾಯಿತು. ಲೆಕ್ಕವಿಲ್ಲದಷ್ಟು ವೈದ್ಯಕೀಯ ತಂಡಗಳು ಬಂದಿಳಿದವು. ಕೆಲವಕ್ಕೆ ವಿಪತ್ತಿನ ಶಸ್ತ್ರಚಿಕಿತ್ಸೆಯ ಅನುಭವವಿರಲಿಲ್ಲ, ಕೆಲವು ದಾಖಲೆಯನ್ನೇ ಇಡಲಿಲ್ಲ. ಉಳಿಸಬಹುದಿದ್ದ ಕೈಕಾಲುಗಳನ್ನೂ ಕತ್ತರಿಸಲಾಯಿತೆಂಬ ಆರೋಪ ಗಟ್ಟಿಯಾಗಿಯೇ ಕೇಳಿಬಂತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕನಿಷ್ಠ ಮಾನದಂಡಗಳನ್ನು ತಂದು ತಂಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಎರಡನೇ ದರ್ಜೆಯ ತಂಡ ದಿನಕ್ಕೆ ಕನಿಷ್ಠ 7 ದೊಡ್ಡ ಆಪರೇಷನ್ ಮಾಡಬಲ್ಲದ್ದಾಗಿರಬೇಕು, ಒಳರೋಗಿಗಳಿಗೆ 20 ಹಾಸಿಗೆ ಇರಬೇಕು. ಸದುದ್ದೇಶವೊಂದೇ ಅರ್ಹತೆಯಾಗಿದ್ದ ಕಾಲ ಮುಗಿದದ್ದು ಒಳ್ಳೆಯದೇ ಆಯಿತು.

ಭಾರತವೂ ಇಂಥ ತಂಡಗಳನ್ನು ಕಳಿಸಿದೆ. 2023ರ ಫೆಬ್ರುವರಿಯ ಭೂಕಂಪದ ಬಳಿಕ ಭಾರತೀಯ ಸೇನೆ ಟರ್ಕಿಯ ಇಸ್ಕೆಂದೆರುನ್‌ನಲ್ಲಿ ತೆರೆದ ಆಸ್ಪತ್ರೆ 99 ಸಿಬ್ಬಂದಿಯದು. 3,500ಕ್ಕೂ ಹೆಚ್ಚು ಜನ ಅಲ್ಲಿ ಚಿಕಿತ್ಸೆ ಪಡೆದರು. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ನಡುಗಿದಾಗ 118 ಮಂದಿಯ ಸೇನಾ ತಂಡ ಮಾಂಡಲೆಗೆ ಹೋಯಿತು.

ಇಷ್ಟಾದರೂ ಹೊರಗಿನ ತಂಡ ಬರುವಷ್ಟರಲ್ಲಿ ಒಂದೆರಡು ದಿನವಾದರೂ ಕಳೆದಿರುತ್ತದೆ. ಮೊದಲ ಗಂಟೆಗಳಲ್ಲಿ ಕೈಗೆ ಸಿಗುವುದು ಪಕ್ಕದ ಮನೆಯವರು, 108 ಆಂಬ್ಯುಲೆನ್ಸ್, ತಾಲ್ಲೂಕು ಆಸ್ಪತ್ರೆ, ಜೊತೆಗೆ ಊರಿನ ನಾಟಿ ವೈದ್ಯರು. ಮೂಳೆ ಮುರಿದಲ್ಲಿ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ ಪಟ್ಟಿ ರಕ್ತಸಂಚಾರ ತಡೆದರೆ ಕೈಯನ್ನೇ ತೆಗೆಯಬೇಕಾಗುತ್ತದೆ. ನಾಟಿ ವೈದ್ಯರನ್ನು ದೂರವಿಡುವ ಬದಲು ಅವರಿಗೂ ತರಬೇತಿ ಕೊಡುವುದು ಜಾಣತನ. ಹೆದ್ದಾರಿ ಅಪಘಾತಗಳ ಗಾಯಾಳುಗಳನ್ನು ನಿತ್ಯ ನೋಡುವ ಚಿತ್ರದುರ್ಗದಂಥ ಊರಿನ ವೈದ್ಯರಿಗೆ ಇಂಥ ಗಾಯ ಹೊಸದಲ್ಲ. ಒಂದೇ ದಿನ ನೂರು ಜನ ಬಂದರೆ ಯಾರನ್ನು ಮೊದಲು ನೋಡಬೇಕೆಂಬ ಅಭ್ಯಾಸ ಮಾತ್ರ ಬೇರೆಯೇ ಆಗಬೇಕು.

ಈ ಅಭ್ಯಾಸ ನಮ್ಮ ರಾಜ್ಯಕ್ಕೂ ಬೇಕು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ಮೇಲಿಂದ ಮೇಲೆ ಬಂದ ಕಂಪನಗಳಿಗೆ ಹೆದರಿ ಮನೆ ಬಿಟ್ಟು ಹೊರಗೆ ಮಲಗಿದರು. ರಾಜ್ಯದ ಪ್ರತಿ ಜಿಲ್ಲಾಸ್ಪತ್ರೆಯೂ ವರ್ಷಕ್ಕೊಮ್ಮೆ ಭೂಕಂಪದ ಅಣಕು ಕಾರ್ಯಾಚರಣೆ ನಡೆಸಲಿ, ಸಲೈನ್ ಮತ್ತು ಫಿಕ್ಸೇಟರ್‌ಗಳ ದಾಸ್ತಾನು ಇಡಲಿ. ಕಲಬುರಗಿ, ಬೀದರ್, ವಿಜಯಪುರಗಳಿಂದಲೇ ಅದು ಶುರುವಾಗಲಿ.