ಅಂಚೆಯಲ್ಲಿ ಬಂದ ಡಿಗ್ರಿ, ಆನ್‌ಲೈನಲ್ಲಿ ಬಂದ ಡಿಗ್ರಿ

ಕೆಲಸ ಮಾಡ್ತಾನೇ ಆನ್‌ಲೈನಲ್ಲಿ ಒಂದು ಎಂಬಿಎ ಮುಗಿಸಿಬಿಡೋಣ ಅನ್ನೋ ಯೋಚನೆ ನಿಮಗೂ ಒಮ್ಮೆಯಾದ್ರೂ ಬಂದಿರುತ್ತೆ. ಫೀಸು ಕಟ್ಟೋ ಮುಂಚೆ ಸ್ವಲ್ಪ ಇತಿಹಾಸ ನೋಡೋಣ. ಯಾಕಂದ್ರೆ ಕಾಲೇಜಿನ ಮೆಟ್ಟಿಲು ಹತ್ತದೆ ಡಿಗ್ರಿ ಪಡೆಯೋದು ಇಂಟರ್ನೆಟ್ ತಂದ ಹೊಸ ಸಂಗತಿ ಏನಲ್ಲ.

1858ರಲ್ಲಿ ಲಂಡನ್ ವಿಶ್ವವಿದ್ಯಾಲಯ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಎಲ್ಲಿ ಓದಿದ್ರಿ, ಯಾರ ಹತ್ರ ಓದಿದ್ರಿ ಅಂತ ಕೇಳೋದನ್ನೇ ಬಿಟ್ಟಿತು. ಪರೀಕ್ಷೆ ಪಾಸಾದ್ರೆ ಪದವಿ, ಅಷ್ಟೇ. ಆದ್ರೆ ವೈದ್ಯಕೀಯಕ್ಕೆ ಮಾತ್ರ ಈ ಸಡಿಲಿಕೆ ಇರಲಿಲ್ಲ. ರೋಗಿಯನ್ನ ಮುಟ್ಟಿ ನೋಡದೆ ಡಾಕ್ಟರ್ ಆಗೋಕಾಗಲ್ಲ ಅನ್ನೋದು ಆಗಲೇ ಗೊತ್ತಿತ್ತು. ಅಂದ್ರೆ ದೂರಶಿಕ್ಷಣದ ಅನುಕೂಲ ಮತ್ತು ಮಿತಿ ಎರಡೂ ಒಂದೇ ದಿನ ಹುಟ್ಟಿದವು.

ಅನುಕೂಲ ಎಷ್ಟು ದೊಡ್ಡದು ಅನ್ನೋದಕ್ಕೆ ನೆಲ್ಸನ್ ಮಂಡೇಲಾ ಸಾಕ್ಷಿ. ರಾಬೆನ್ ದ್ವೀಪದ ಜೈಲಿನಲ್ಲಿದ್ದುಕೊಂಡೇ ಅವರು ಲಂಡನ್ ವಿಶ್ವವಿದ್ಯಾಲಯದ ಕಾನೂನು ಪದವಿಗೆ ಓದಿದರು. ಕೊನೆಗೆ 1989ರಲ್ಲಿ, ಇನ್ನೂ ಸೆರೆಯಲ್ಲಿರುವಾಗಲೇ, ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದಿಂದ ಎಲ್‌ಎಲ್‌ಬಿ ಮುಗಿಸಿದರು. ಜೈಲಿನ ಗೋಡೆ ದಾಟಿ ಒಳಗೆ ಹೋಗಬಲ್ಲ ಕಾಲೇಜು ಅಂದ್ರೆ ಆಗ ಅಂಚೆ ಒಂದೇ.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಪ್ರವೇಶಕ್ಕೆ ಹಿಂದಿನ ಯಾವ ಅಂಕಪಟ್ಟಿಯನ್ನೂ ಕೇಳಲಿಲ್ಲ. ಪಾಠಗಳು ಬಿಬಿಸಿಯಲ್ಲಿ ಪ್ರಸಾರ ಆಗ್ತಿದ್ದವು. ಆದ್ರೆ ಅವರು ಟೀವಿಯೊಂದನ್ನೇ ನಂಬಿ ಕೂರಲಿಲ್ಲ. ವಿಜ್ಞಾನದ ವಿದ್ಯಾರ್ಥಿಗಳ ಮನೆಗೆ ಪ್ರಯೋಗದ ಸಾಮಾನಿನ ಪೆಟ್ಟಿಗೆ ಕಳಿಸಿದರು, ಊರೂರಲ್ಲಿ ಟ್ಯೂಟರ್‌ಗಳನ್ನ ಇಟ್ಟರು, ಬೇಸಿಗೆಯಲ್ಲಿ ಎಲ್ಲರನ್ನೂ ಒಂದು ಕಡೆ ಸೇರಿಸಿ ಕಲಿಸಿದರು.

ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದವು. ಮೈಸೂರಿನ ಆ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. ನಮ್ಮ ಹಳ್ಳಿ ಕಡೆ 'ಕರೆಸ್ಪಾಂಡೆನ್ಸಲ್ಲಿ ಬಿಎ ಕಟ್ಟಿದಾಳೆ' ಅನ್ನೋ ಮಾತು ಕೇಳಿ ಬೆಳೆದವನು ನಾನು. ಪಿಯುಸಿ ಆದ ಕೂಡಲೇ ಮದುವೆಯಾದವರು, ಬಡ್ತಿ ಬೇಕಿದ್ದ ಮೇಷ್ಟ್ರು, ಗುಮಾಸ್ತರು ಇವರಿಗೆಲ್ಲ ಬೇರೆ ಬಾಗಿಲೇ ಇರಲಿಲ್ಲ.

ಆದ್ರೆ ಇದೇ ವಿಶ್ವವಿದ್ಯಾನಿಲಯದ ಕತೆ ಇನ್ನೊಂದು ಪಾಠಾನೂ ಹೇಳುತ್ತೆ. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಪ್ರಕಟಣೆ ಹೊರಡಿಸಿತು. ಮಾನ್ಯತೆ ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸಿಕ್ಕಿಹಾಕಿಕೊಂಡವರು ಓದಿದ್ದು ಸುಳ್ಳಲ್ಲ, ಆದ್ರೆ ಆ ಕಾಗದದ ಬೆಲೆಯೇ ಪ್ರಶ್ನೆಯಾಯ್ತು. 2017ರಲ್ಲಿ ಸುಪ್ರೀಂ ಕೋರ್ಟು ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಮೇಲೂ ಕತ್ತರಿ ಆಡಿಸಿತು. ಲ್ಯಾಬಿಲ್ಲದೆ ಬಿಇ ಹೇಗೆ ಅನ್ನೋ ಪ್ರಶ್ನೆ ನನ್ನಂಥ ಬಿಇ ಓದಿದವನಿಗೆ ಅರ್ಥವಾಗುತ್ತೆ.

ಆಮೇಲೆ ಇಂಟರ್ನೆಟ್ ಬಂತು. ಹಾರ್ವರ್ಡ್ ಮತ್ತು ಎಂಐಟಿ 2012-13ರಲ್ಲಿ ನಡೆಸಿದ ಮೊದಲ 17 ಆನ್‌ಲೈನ್ ಕೋರ್ಸುಗಳಿಗೆ 8 ಲಕ್ಷಕ್ಕೂ ಹೆಚ್ಚು ನೋಂದಣಿ ಆಯ್ತು. ಸರ್ಟಿಫಿಕೇಟ್ ತನಕ ತಲುಪಿದ್ದು ಸುಮಾರು 43 ಸಾವಿರ. ಸುಮ್ಮನೆ ಇಣುಕಿ ನೋಡೋಕೆ ಬಂದವರೂ ಅದರಲ್ಲಿದ್ರು ನಿಜ. ಆದ್ರೂ ಪಾಠ ಪುಕ್ಕಟೆ ಸಿಕ್ಕಿದ್ರೆ ಸಾಲದು, ಕೂತು ಮುಗಿಸೋಕೆ ಬೇರೆ ಏನೋ ಬೇಕು ಅನ್ನೋದು ಆಗ ಸ್ಪಷ್ಟವಾಯ್ತು. ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್ ಪದವಿಯನ್ನ ಆನ್‌ಲೈನಲ್ಲಿ ತಂದಾಗ ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೇ ಬಂದು ಬರೀಬೇಕು ಅಂತ ಇಟ್ಟುಕೊಂಡಿತು. ಲಂಡನ್ನಿನವರು 1858ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದೇ: ಎಲ್ಲಾದ್ರೂ ಓದಿ, ಪರೀಕ್ಷೆ ಮಾತ್ರ ನಮ್ಮ ಕಣ್ಣೆದುರು.

ಹಾಗಾಗಿ ಅಂಚೆ, ಟೀವಿ, ಮೊಬೈಲ್ ಅಂತ ಪಾಠ ಹೊತ್ತು ತರೋ ಗಾಡಿ ಬದಲಾಗ್ತಾ ಬಂದಿದೆ. ಮೂರು ಪ್ರಶ್ನೆ ಮಾತ್ರ ಹಾಗೇ ಉಳಿದಿವೆ. ಕೈಯಾರೆ ಮಾಡಿ ಕಲಿಯಬೇಕಾದ್ದನ್ನ ಎಲ್ಲಿ ಮಾಡ್ತೀರಿ? ಪರೀಕ್ಷೆ ಬರೆದದ್ದು ನೀವೇ ಅಂತ ಯಾರು ನಂಬ್ತಾರೆ? ಎರಡನೇ ಸೆಮಿಸ್ಟರಿನಲ್ಲಿ ಕೈಬಿಡೋ ಮನಸ್ಸಾದಾಗ ಹಿಡಿದು ಕೂರಿಸೋರು ಯಾರು?

2022ರಲ್ಲಿ ಯುಜಿಸಿ, ಮಾನ್ಯತೆ ಇರೋ ಸಂಸ್ಥೆಗಳ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಸ್ಪಷ್ಟಪಡಿಸಿದೆ. 'ಮಾನ್ಯತೆ ಇರೋ' ಅನ್ನೋ ಎರಡು ಪದದ ಮೇಲೆ ನಿಮ್ಮ ಎರಡು ವರ್ಷ ನಿಂತಿದೆ. ಕೋರ್ಸು ಮಾರೋರು ಕಳಿಸಿದ ಬ್ರೋಷರ್ ನಂಬಬೇಡಿ. ನಿಮ್ಮ ಕೋರ್ಸು, ನಿಮ್ಮ ವರ್ಷ ಯುಜಿಸಿ ಪಟ್ಟಿಯಲ್ಲಿದೆಯಾ ಅಂತ ನೀವೇ ನೋಡಿ. ಇದ್ರೆ ಸೇರಿ, ಜೊತೆಗೆ ಓದೋಕೆ ಇನ್ನಿಬ್ಬರನ್ನ ಹುಡುಕ್ಕೊಳ್ಳಿ. ಪಾಠ ಮನೆಗೆ ಬರುತ್ತೆ. ಜೊತೆಗಾರರನ್ನ ಮಾತ್ರ ನಾವೇ ಹುಡುಕ್ಕೋಬೇಕು.