ಎರಡು 'ಸೆಷನ್', ಒಂದು 'ಸೆಸ್'

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಇಂದು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಈ ಸೀಮೆ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯನ್ನು ಹಳೆಯ ಕಡತಗಳು 'ಸೀಡೆಡ್ ಡಿಸ್ಟ್ರಿಕ್ಟ್ಸ್' ಗುಂಪಿಗೆ ಸೇರಿಸುತ್ತಿದ್ದವು.

ಸೀಡೆಡ್ ಎಂದರೆ ಬಿಟ್ಟುಕೊಟ್ಟದ್ದು. ಹೀಗೆ ಬಿಟ್ಟುಕೊಡುವುದಕ್ಕೆ ಇಂಗ್ಲಿಷಿನ ಹಳೆಯ ಮಾತು 'ಸೆಷನ್', ಮೊದಲಕ್ಷರ 'ಸಿ'. ಸೆಷನ್ಸ್ ಕೋರ್ಟಿನ 'ಸೆಷನ್' ಬೇರೆ. ಅದರ ಮೊದಲಕ್ಷರ 'ಎಸ್', ಅರ್ಥ ಕೂರುವುದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಎರಡೂ ಲ್ಯಾಟಿನ್ ಮೂಲದವೇ ಆದರೂ ಧಾತುಗಳು ಬೇರೆ. ಕೂರುವ ಧಾತುವಂತೂ ನಮಗೆ ದೂರದ್ದಲ್ಲ: ಸಂಸ್ಕೃತದ 'ಸದ್' ಅದರ ದಾಯಾದಿ. ಸದಸ್ಯ, ಸಂಸತ್ತುಗಳು ಬಂದದ್ದು ಅಲ್ಲಿಂದಲೇ.

1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮ ಈ ನಾಡನ್ನು ಕಂಪನಿಗೆ ಬಿಟ್ಟುಕೊಟ್ಟ. ತನ್ನ ರಕ್ಷಣೆಗೆಂದು ಇಟ್ಟ ಕಂಪನಿ ಸೈನ್ಯದ ಖರ್ಚಿಗೆ ಇಲ್ಲಿಯ ಕಂದಾಯ ಹೋಗಬೇಕಿತ್ತು. ನಾಡಿನವರನ್ನು ಯಾರೂ ಕೇಳಲಿಲ್ಲ. ಇದಕ್ಕೆ 'ದತ್ತ ಮಂಡಲ' ಎಂಬ ಹೆಸರೂ ಬಿತ್ತು. ಸಾಲ ತೀರಿಸಲು ಮನೆ ಬರೆದುಕೊಟ್ಟವನನ್ನು ದಾನಿ ಎಂದು ಕರೆದಂತೆ! ಆ ಹೆಸರು ಅವಮಾನವೆಂದು ತೋರಿದ್ದರಿಂದಲೇ 1928ರಲ್ಲಿ ನಂದ್ಯಾಲದ ಸಭೆಯಲ್ಲಿ ತೆಲುಗರು 'ರಾಯಲಸೀಮೆ' ಎಂಬ ಹೆಸರನ್ನು ಒಪ್ಪಿಕೊಂಡರು.

ಬಿಟ್ಟುಕೊಟ್ಟ ನಾಡಿಗೆ ಕೂಡಲೇ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರಾಗಿ ಬಂದ. 1807ರವರೆಗೆ ಇದ್ದು ಹೊಲಗಳನ್ನು ಅಳೆಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ಪದ್ಧತಿಯನ್ನು ಬೇರೂರಿಸಿದ. ಹೀಗೆ ತೆರಿಗೆ ಗೊತ್ತುಮಾಡುವುದಕ್ಕೆ ಇಂಗ್ಲಿಷಿನಲ್ಲಿ 'ಅಸೆಸ್' ಎನ್ನುತ್ತಾರೆ. ಅದರ ಮೂಲಾರ್ಥ ಪಕ್ಕದಲ್ಲಿ ಕೂರುವುದು: ನ್ಯಾಯಾಧೀಶನ ಬದಿಯಲ್ಲಿ ಕೂತು ದಂಡವನ್ನೋ ತೆರಿಗೆಯನ್ನೋ ನಿರ್ಣಯಿಸುವುದು.

ಆ 'ಅಸೆಸ್' ಮೊಟಕಾಗಿ 'ಸೆಸ್' ಆಯಿತು. ಮದ್ರಾಸಿನಲ್ಲಿ 1871ರ ಕಾಯಿದೆಯಿಂದ ಕಂದಾಯದ ಜೊತೆ ಲ್ಯಾಂಡ್ ಸೆಸ್ ಬಂತು. ಇಂದು ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಸೆಸ್ ಇದೆ. ತಮಾಷೆಯೆಂದರೆ, ಇಂಗ್ಲಿಷರೇ ಕಾಗುಣಿತ ತಪ್ಪಿ ಈ ಪದವನ್ನು 'ಸಿ'ಯಿಂದ ಬರೆಯುತ್ತ ಬಂದಿದ್ದಾರೆ. ನೋಡಿದರೆ ಅದು ಬಿಟ್ಟುಕೊಡುವ ಮಾತಿನ ಮನೆಯದೆನಿಸುತ್ತದೆ. ಹುಟ್ಟಿದ್ದು ಮಾತ್ರ ಸೆಷನ್ಸ್ ಕೋರ್ಟಿನ ಮನೆಯಲ್ಲಿ.